ಕಂಬಳಿ ಕಿವಿ

ಮಗಳನ್ನ ಕರ್ಕೊಂಡು ಹೋಗಾಕ ಬಂದ ವಿಠೋಬನ್ನ ಒಂದೇ ಡೈಲಾಗಿಗೆ ತಡದಾಂವ ನಾನು, ಬಾಜೂಮನಿ ಹೀರೋ! ಜತ್ತ ಊರಿನ ಟೂರಿಂಗ್ ಟಾಕೀಜಿನ್ಯಾಗೂ ಹಂತಾ ಡೈಲಾಗ ಕೇಳಿರಲಿಕ್ಕಿಲ್ರಿ ನೀವು.

ತಾಯಿ ಸತ್ತ ಮ್ಯಾಲ ಮಾಯವ್ವ ಮೂರು ವರ್ಷ ದೊಡ್ಡವ್ವ ಚನ್ನವ್ವನ ಮನ್ಯಾಗ ಬೆಳದಿದ್ಲು. ಈಗ ವಿಠೋಬ ಬ್ಯಾರೆ ಲಗ್ನ ಆಗಿ, ಮಗಳನ್ನ ಒಯ್ಯಾಕ ಬಂದು ಕಟ್ಟಿ ಮ್ಯಾಲ ಕುಂತಿದ್ದ. ಚನ್ನವ್ವ ಮುಂಜಾನಿಂದ ಕುರಿ ಉಣ್ಣೆ ಕತ್ತರಿಸಿ ಸೋತು ಸುಣ್ಣಾಗಿದ್ಲು. ಆದ್ರೂ ಸಾಲಿ ನಾಟಕಕ್ಕ ಹುಡುಗರಿಗೆ ಕುರಿ ಟೊಪ್ಪಿಗಿ ಬೇಕಿದ್ವು. ತನ್ನ ಇಬ್ಬರು ಮಕ್ಕಳು, ಮಾಯವ್ವ ಸೇರಿ ಹಳೇ ಕಂಬಳಿ ಜಗ್ಗಿ ಹಿಡದ್ರ, ಆಕಿ ತೂಕಡಿಸ್ಕೋತ ಕಿವಿ ಕತ್ತರಿಸಿ ಹೊಲೀತಿದ್ಲು.

"ಅಪ್ಪಾ, ನಾ ಕುರಿ! ಬ್ಯಾಂ!" ಅಂತ ಮಾಯವ್ವ ಟೊಪ್ಪಿಗಿ ಹಾಕ್ಕೊಂಡು ಬಂದ್ಲು. ವಿಠೋಬ ನಕ್ಕೋತ ಆ ಕಿವಿ ಹಿಡದು ನೋಡಿದ. ತುದಿಗೆ ಕತ್ತರಿಲೆ ಹಾಕಿದ ಎರಡು ಕಚ್ಚು ಇದ್ವು.

"ಅಕ್ಕಾ, ಇದು ನಿಮ್ಮ ಹಿಂಡಿನ ಗುರುತು ಅಲ್ಲೇನು?"

"ಅಯ್ಯ ಬೀರಪ್ಪ ದೇವರ! ನಿದ್ದಿಗಣ್ಣಾಗ ಕೈ ತಾನ ಹೋತಪಾ. ನಮ್ಮ ಮರಿಗೋಳ ಕಿವಿಗೆ ಕಚ್ಚು ಹಾಕಿ ಹಾಕಿ ರೂಢಿ. ತಾ ಇಲ್ಲೆ, ಬ್ಯಾರೆ ಹೊಲದ ಕೊಡ್ತೀನಿ."

ವಿಠೋಬ ಭಾಳೊತ್ತು ಆ ಕಚ್ಚಿನ ಮ್ಯಾಲ ಬೆರಳಾಡಿಸಿದ. "ಬ್ಯಾಡ ಬಿಡಬೇ. ನಿಮ್ಮ ಗುರುತು ಇದ್ದದ್ದನ್ನ ನಾ ಹ್ಯಾಂಗ ಹೊಡಕೊಂಡ ಹೋಗ್ಲಿ? ಮಾಯವ್ವ ಇಲ್ಲೇ ಇರ್ಲಿ."

ಚನ್ನವ್ವಗ ಅಳಾಕೂ ತ್ರಾಣ ಇರಲಿಲ್ಲ. ಸೂಜಿ ಹಿಡಕೊಂಡ ಗ್ವಾಡಿಗೆ ಒರಗಿದ್ಲು.

ನನ್ನ ಡೈಲಾಗೇನಾತು ಅಂತೀರೇನು? ಖರೇ ಹೇಳ್ತೀನ್ರಿ, ಎದಿ ಉಬ್ಬಿಸಿ ನಾ ಬಾಯಿ ತೆಗ್ಯೂದ್ರಾಗ ಅಂವ ಒಬ್ಬನೇ ಓಣಿ ದಾಟಿದ್ದ.