ಬಂಡೆ ನೆಲ

ಜೀಪು ಗೇಟಿಗೆ ಬಂದು ನಿಂತಾಗ ಗದಿಗೆಮ್ಮ ಹಳೆಯ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸುತ್ತಿದ್ದಳು. ಫೋಟೋದಲ್ಲಿ ಅವಳೇ ಇದ್ದಳು. ತಲೆಯ ಮೇಲೆ ಕಲ್ಲಿನ ಬುಟ್ಟಿ, ಮೊಣಕಾಲಿನವರೆಗೆ ಕೆರೆಯ ನೀರು.

ತೊಂದರೆ ಆ ನೀರಿನದೇ. ಹೊರನಾಡಿನ ಜೀಡಿಮೆಟ್ಲಾದಲ್ಲಿ ಕನ್ನಡ ಸಮುದಾಯ ಭವನ ನಿಂತ ಜಾಗ ಒಂದು ಕಾಲಕ್ಕೆ ಕೆರೆಯಾಗಿತ್ತೆಂದು ಸಾಬೀತಾದರೆ ಸೋಮವಾರ ಜೆಸಿಬಿ ಬರುತ್ತದೆ. ನಲವತ್ತು ವರ್ಷದ ಹಿಂದೆ ಕಲಬುರಗಿ ಕಡೆಯ ಕೂಲಿಗಳು, ರಜೆಯ ಭಾನುವಾರಗಳಲ್ಲಿ, ಒಬ್ಬೊಬ್ಬರು ಹತ್ತು ಬುಟ್ಟಿಯಂತೆ ಕಲ್ಲು ಸುರಿದು ಕಟ್ಟಿದ ಭವನ. ಕಟ್ಟಿದವರಲ್ಲಿ ಉಳಿದವಳು ಗದಿಗೆಮ್ಮ ಒಬ್ಬಳೇ. ಕಸ ಗುಡಿಸುವವಳೂ ಅವಳೇ, ಸಾಕ್ಷಿಯೂ ಅವಳೇ.

"ಕೆರಿ ಅನ್ನೋ ಮಾತು ಬಾಯಾಗ ಬರಬಾರದು," ಕಾರ್ಯದರ್ಶಿ ಪ್ರಾಣೇಶರಾಯರು ವಾರದಿಂದ ಬಾಯಿಪಾಠ ಮಾಡಿಸಿದ್ದರು. "ಬಂಡೆ ನೆಲ ಇತ್ತು. ಅಷ್ಟ ಹೇಳು."

"ಕಚೇರ್ಯಾಗ ಹಳೇ ನಕ್ಷಾ ಇರ್ತಾವಲ್ರಿ, ರಾಯರ?"

"ಅವನ್ನೆಲ್ಲಾ ಗೆದ್ದಲ ತಿಂದಾವ. ಸರ್ವೇ ಖಾತೆದಾಗ ಮೂವತ್ತು ವರ್ಷ ಸರಪಳಿ ಎಳದೀನಿ, ಒಂದ ಗೆರಿ ತಪ್ಪಿಲ್ಲ. ನನಗ ಹೇಳ್ತಿಯೇನು?"

ಗದಿಗೆಮ್ಮನಿಗೆ ಓದು ಬಾರದು. ಅವಳ ಹೇಳಿಕೆಯನ್ನು ರಾಯರೇ ಬರೆದು, ಹೆಬ್ಬೆಟ್ಟಿನ ಪಕ್ಕ ತಮ್ಮ ಸಹಿ ಹಾಕಿದ್ದರು. ಕೊನೆಯಲ್ಲಿ ಇಲಿಯ ಬಾಲದಂತೆ ಎರಡು ಸುತ್ತು ಸುತ್ತುವ ಸಹಿ. ಆ ಬಾಲವನ್ನು ಗಾಳಿಯಲ್ಲಿ ಬರೆದು ತೋರಿಸಿ, ರಾಯರ ಮೂಗುದನಿಯನ್ನು ಅಣಕಿಸಿ, ಅವಳು ಓಣಿಯನ್ನೆಲ್ಲ ನಗಿಸುವುದಿತ್ತು.

ಇಂದು ಅವಳಿಗೆ ನಗು ಬರಲಿಲ್ಲ. ಮುಂದಿನ ಗುರುವಾರ ಮೊಮ್ಮಗಳು ರೇಣುಕಾಳ ಮದುವೆ, ಇದೇ ಭವನದಲ್ಲಿ.

ಕೆರೆ ಒತ್ತುವರಿಯ ವಿಚಾರಣೆಗೆ ಬಂದ ಅಧಿಕಾರಿ ದಿನೇಶ ಚಿಕ್ಕ ವಯಸ್ಸಿನವ, ಬೀದರಿನವ. ಬೂಟು ಹೊರಗೇ ಬಿಚ್ಚಿ ಬಂದ. "ಪ್ರಾಣೇಶರಾಯರು ಅಂದ್ರ ನೀವ ಏನ್ರಿ?" ಎಂದು ಒಂದು ಗಳಿಗೆ ಅವರ ಮುಖವನ್ನೇ ನೋಡಿದ. "ನಿಮ್ಮ ಕೆಲಸ ನೋಡೀನ್ರಿ. ಭಾಳ ಚೊಕ್ಕ."

ರಾಯರು ಉಬ್ಬಿದರು.

"ಆಯಿ, ಇಲ್ಲಿ ಮೊದಲ ಏನಿತ್ತು?"

ಗದಿಗೆಮ್ಮನ ಸ್ವಂತ ದನಿಯಲ್ಲಿ ಸುಳ್ಳು ಹೊರಡಲೊಲ್ಲದು. ಕೊನೆಗೆ ರಾಯರ ಮೂಗುದನಿಯಲ್ಲೇ ಹೇಳಿಬಿಟ್ಟಳು: "ಬಂಡೆ ನೆಲ ಇತ್ತು."

ರಾಯರು ಕೆಮ್ಮಿದರು.

"ಮತ್ತ ಆ ಮೂಲ್ಯಾಗ ಅರಿಷಿಣ ಕುಂಕುಮ ಯಾಕೈತಿ?"

ಪ್ರತಿ ಮದುವೆಯಲ್ಲೂ ಅಲ್ಲಿ ಮೊದಲು ಗಂಗವ್ವನ ಪೂಜೆ. ಕೆರೆ ಹೂತವರು ಕೆರೆಗೆ ಕೇಳುವ ಕ್ಷಮೆ.

"ಅಲ್ಲಿ ನಳ ಇತ್ತು, ಯಪ್ಪಾ. ನಾಕ ದಿನಕ್ಕೊಮ್ಮೆ ನೀರು ಬರ್ತಿದ್ವು. ಪೂಜಿ ಮಾಡದಿದ್ರ ಅವೂ ಇಲ್ಲ."

ದಿನೇಶ ನಕ್ಕ. ರಾಯರು ಕಣ್ಣಲ್ಲೇ ಶಹಬ್ಬಾಸ್ ಎಂದರು.

"ಚೆಂದ ಹೇಳ್ದಿ, ಆಯಿ," ದಿನೇಶ ಮೆಲ್ಲಗೆ ಅಂದ. "ಆದ್ರ ನನ್ನ ಕೈಯಾಗ ಏನೂ ಇಲ್ಲ. ಕಚೇರ್ಯಾಗ ಒಂದ ಹಾಳಿ ಉಳದೈತಿ."

ಚೀಲದಿಂದ ಹಳದಿಗಟ್ಟಿದ ನಕ್ಷೆಯೊಂದನ್ನು ತೆಗೆದು ಮೇಜಿನ ಮೇಲೆ ಹಾಸಿದ. ಹಾಳೆ ತುಂಬ ಕೆರೆಯ ನೀಲಿ ಬಣ್ಣ. ನೀಲಿಯ ನಟ್ಟನಡುವೆ ಬೆರಳಿಟ್ಟ. "ಇದು ನಿಮ್ಮ ಭವನ. ಈಗ ಮತ್ತ ಅಳದು ನೋಡೇವಿ. ಒಂದ ಗೆರಿ ತಪ್ಪಿಲ್ಲ."

ರಾಯರು ಕುರ್ಚಿಯಲ್ಲಿ ಕುಸಿದರು. ಗದಿಗೆಮ್ಮನಿಗೆ ನಕ್ಷೆ ತಿಳಿಯಲಿಲ್ಲ, ಅಕ್ಷರವೂ ತಿಳಿಯಲಿಲ್ಲ.

ಹಾಳೆಯ ಕೆಳತುದಿಯಲ್ಲಿ, ಮಾಸಿದ ಶಾಯಿಯಲ್ಲಿ, ಎರಡು ಸುತ್ತು ಸುತ್ತಿ ಮಲಗಿತ್ತು ಇಲಿಯ ಬಾಲ.