ದೊಡ್ಡ ಗಾಲಿಯ ಬಿಳಿ ಪಟ್ಟಿ

ಹಳೇ ಗಾಡಿಗಳ ಹುಚ್ಚು ನಿಮಗಿರಲಿ, ಇಲ್ಲದಿರಲಿ... ಎರಡು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ.

ರಾಣೆಬೆನ್ನೂರಿನ ಹತ್ತಿರ ಒಬ್ಬ ಬೀಜದ ವ್ಯಾಪಾರಿ. ಹೆಸರು ಮಹಾರುದ್ರಪ್ಪ.

ತೀರಿಹೋದ ಅಪ್ಪ ಓಡಿಸುತ್ತಿದ್ದ ಟ್ರಾಕ್ಟರನ್ನು ರಿಪೇರಿ ಮಾಡಿಸಿ, ಪೇಟೆಯ ಹಳೇ ಟ್ರಾಕ್ಟರ್ ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆಯಬೇಕು... ಇದೊಂದೇ ಆಸೆ.

ಇಂಜಿನ್ ಆಯಿತು, ಬಾನೆಟ್ ಆಯಿತು, ಸೀಟೂ ಆಯಿತು. ಉಳಿದದ್ದು ಗಾಲಿ ರಿಮ್ಮಿನ ಬಣ್ಣ. ಅದೇ ಅವನ ನಿದ್ದೆ ಕೆಡಿಸಿತ್ತು!

ಪ್ರದರ್ಶನದವರು ಬಹಳ ಕಟ್ಟುನಿಟ್ಟು. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇರಬೇಕು. ಬಣ್ಣ ತಪ್ಪಿದರೆ ಬಹುಮಾನ ಮರೆತುಬಿಡಬೇಕು.

ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ. ಒಬ್ಬ ಕ್ರೋಮ್ ಅಂದ. ಇನ್ನೊಬ್ಬ ಹೊಳೆಯುವ ಸಿಲ್ವರ್ ಅಂದ. ಮತ್ತೊಬ್ಬ, ಹೊಳಪೇ ಇರಬಾರದು, ಆಗೆಲ್ಲ ಮಂಕು ಸಿಲ್ವರ್ ಬರ್ತಿತ್ತು ಅಂದ.

ಮಗಳ ಮದುವೆ ಸೀರೆ ಆರಿಸುವಾಗಲೂ ಪುಣ್ಯಾತ್ಮ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಕೊನೆಗೆ ಪೇಂಟರ್ ಮಕ್ತುಂಸಾಬ್ ರಿಮ್ಮಿನ ಒಳ ಅಂಚನ್ನು ಉಜ್ಜಿ ನೋಡಿದ. ಅಡಿಯಲ್ಲಿ ಮಂಕು ಸಿಲ್ವರ್ ಸಿಕ್ಕಿತು. ಮಹಾರುದ್ರಪ್ಪನಿಗೆ ಹೋದ ಜೀವ ಬಂದಂತಾಯಿತು.

"ಸಾಹುಕಾರ್ರ, ದೊಡ್ಡ ಗಾಲಿ ಮ್ಯಾಲಿನ ಈ ಬಿಳೇ ಪಟ್ಟಿ ಏನ್ ಮಾಡೂದ್ರಿ?" ಮಕ್ತುಂಸಾಬ್ ಕೇಳಿದ.

ಹಿಂದಿನ ಎರಡೂ ರಿಮ್ಮಿಗೆ ನಡುವಿನಿಂದ ಅಂಚಿನವರೆಗೆ, ಒಂದೇ ಕಡೆ ಅಗಲವಾದ ಬಿಳಿ ಪಟ್ಟಿ ಇತ್ತು. ಅಪ್ಪ ಇರುವವರೆಗೂ ಪ್ರತಿ ಆಯುಧ ಪೂಜೆಗೆ ಅವ್ವ ನೀಲವ್ವ ತನ್ನ ಕೈಯಾರೆ ಅದನ್ನು ಬಳಿಯುತ್ತಿದ್ದಳು. ಯಾಕೆ ಅಂದರೆ "ದೃಷ್ಟಿ ಆಗಬಾರ್ದು" ಅನ್ನುತ್ತಿದ್ದಳು.

"ಅದು ನಮ್ಮವ್ವ ದೃಷ್ಟಿಗಂತ ಬಳದದ್ರಿ. ತಗದಬಿಡ್ರಿ. ಮುಂದ ಒಂದು ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ್ರಾತು" ಅಂದ ಮಹಾರುದ್ರಪ್ಪ.

ಅವ್ವನಿಗೆ ಒಂದು ಮಾತೂ ಹೇಳದೆ ಪಟ್ಟಿ ಹೋಯಿತು. ಮಂಕು ಸಿಲ್ವರ್ ಬಂತು. ನಿಂಬೆಹಣ್ಣೂ ನೇತಾಡಿತು.

ಪ್ರದರ್ಶನದ ಹಿಂದಿನ ದಿನ ಟ್ರಯಲ್ ನೋಡೋಣ ಅಂತ ಹೊಲಕ್ಕಿಳಿದ. ಅವರ ಮನೆ ಇರುವುದು ಹೊಲದ ಅಂಚಿಗೇ. ನೀಲವ್ವ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

ಟ್ರಾಕ್ಟರ್ ದೂರದ ಬದುವಿನ ತನಕ ಹೋಯಿತು. ಮಹಾರುದ್ರಪ್ಪ ಖುಷಿಯಿಂದ ಉಳುತ್ತಲೇ ಇದ್ದ...

ಬದುವಿನಲ್ಲಿ ತಿರುಗಿಸಿದಾಗ ಹೊಲದ ನಡುವೆ ಏನೋ ಬೆಳ್ಳಗೆ ಬಿದ್ದದ್ದು ಕಂಡಿತು.

ಅವ್ವನ ಸೀರೆ!

ಗಾಡಿ ನಿಲ್ಲಿಸಿ, ಹೆಂಟೆಗಳ ಮೇಲೆ ಎಡವುತ್ತಾ ಓಡಿದ. ಚಪ್ಪಲಿ ಎಲ್ಲೋ, ಅವನೆಲ್ಲೋ...

ಬರಿಗಾಲಲ್ಲಿ ಓಡಿಬಂದ ನೀಲವ್ವ ಬಿದ್ದು ಮೊಣಕಾಲು ತರಚಿಕೊಂಡಿದ್ದಳು. ಮಗನನ್ನು ಕಂಡವಳೇ ಅವನ ಎದೆ, ತೋಳು, ಕಾಲು ಎಲ್ಲಾ ಮುಟ್ಟಿ ಮುಟ್ಟಿ ನೋಡಿದಳು.

"ಏನಾತವ್ವಾ? ಯಾಕ ಓಡಿ ಬಂದಿ?"

"ಗಾಲಿ ತಿರಗಲಿಲ್ಲೋ ತಮ್ಮಾ... ಇಂಜಿನ್ ಸಪ್ಪಳ ಬರಾಕತ್ತಿತ್ತು, ಗಾಲಿ ತಿರಗೂದು ಕಾಣಲಿಲ್ಲ..."

ಅವನಿಗೆ ಅರ್ಥವಾಗಲಿಲ್ಲ. ನೀಲವ್ವ ಉಸಿರು ಹಿಡಿದು ಹಿಡಿದು ಹೇಳಿದಳು.

"ನಮ್ಮಣ್ಣನ ಟ್ರಾಕ್ಟರ್ ಹಿಂಗ ದೂರದಾಗ ನಿಂತಿತ್ತು. ಸಪ್ಪಳ ಕೇಳಿ ಎಲ್ಲಾರೂ ಉಳಾಕತ್ತಾನ ಅನ್ಕೊಂಡ್ವಿ... ಅಂವ ಗಾಲಿ ಬುಡಕ ಸಿಕ್ಕಿದ್ದ. ಸಂಜಿಮಟ ಯಾರಿಗೂ ಗೊತ್ತಾಗಲಿಲ್ಲಪ್ಪಾ."

"ಮುಂದ ನಿಮ್ಮಪ್ಪ ಟ್ರಾಕ್ಟರ್ ತಂದ್ರು. ನನಗ ಒಲಿ ಮುಂದ ಕುಂದ್ರಾಕ ಆಗವಲ್ದಾತು. ಅದಕ್ಕ ಆ ಪಟ್ಟಿ ಬಳದೆ. ರೊಟ್ಟಿ ಬಡಕೋತ ಕಿಡಕ್ಯಾಗ ನೋಡ್ತಿದ್ದೆ. ಬಿಳೇದು ಮ್ಯಾಲ ಕೆಳಗ ಆದ್ರ... ಅವ್ರು ಆರಾಮ ಅದಾರ ಅಂತ."

"ಮತ್ತ ದೃಷ್ಟಿಗೆ ಅಂತಿದ್ದೆಲ್ಲವ್ವಾ?"

"ಗಂಡ ಗಾಡಿ ಹತ್ತೂ ಹೊತ್ತಿನ್ಯಾಗ ಅಂಥಾ ಕೆಟ್ಟ ಮಾತು ಬಾಯಾಗ ಹೆಂಗ ತರ್ಲಿ?" ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ವಯಸ್ಸಾಗಿ, ಮನ್ಯಾಗ, ನನ್ನ ಮುಂದ ಕಣ್ಣು ಮುಚ್ಚಿದ್ರು. ನಾ ಬೇಡಿದ್ದು ಅಷ್ಟ."

ಮಹಾರುದ್ರಪ್ಪ ಅಲ್ಲೇ ಮಣ್ಣಿನಲ್ಲಿ ಕೂತು ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ. ಅವ್ವನ ಅಷ್ಟು ವರ್ಷಗಳ ದಿಗಿಲನ್ನು ಅವನು ಒಂದು ನಿಂಬೆಹಣ್ಣಿಗೆ ಬದಲಾಯಿಸಿಕೊಂಡಿದ್ದ.

ಅವತ್ತೇ ಬಿಳಿ ಪೇಂಟ್ ತಂದು ಬ್ರಶ್ ಅವ್ವನ ಕೈಗೆ ಕೊಟ್ಟ.

"ಬ್ಯಾಡೋ... ನಿನ್ನ ಬಹುಮಾನ ಹೊಕ್ಕೈತಿ."

"ಹೋಗ್ಲಿ ಬಿಡವ್ವಾ. ಕೈ ನಡಗಿದ್ರೂ ಅಡ್ಡಿಲ್ಲ, ನೀನ ಬಳಿ."

ಮರುದಿನ ಪ್ರದರ್ಶನದಲ್ಲಿ ಜಡ್ಜ್ ಬಗ್ಗಿ ಬಗ್ಗಿ ನೋಡಿದರು. "ಸಿಲ್ವರ್ ಕರೆಕ್ಟ್ ಐತ್ರಿ. ಆದ್ರ ಈ ಸೊಟ್ಟ ಪಟ್ಟಿ ಕಂಪನೀದಲ್ಲ."

"ಹೌದ್ರಿ" ಅಂದ ಮಹಾರುದ್ರಪ್ಪ. "ಅದು ನಮ್ಮ ಮನೀದು."

ಬಹುಮಾನ ಬರಲಿಲ್ಲ. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಸಪ್ಪೆ ಮುಖ ಹಾಕಿಕೊಂಡೇ ಟ್ರಾಕ್ಟರ್ ಓಡಿಸಿಕೊಂಡು ಊರಿಗೆ ಬಂದ.

ದೂರದಿಂದಲೇ ಮನೆಯ ಕಟ್ಟೆ ನೋಡಿದ. ಅವ್ವ ಅಲ್ಲಿರಲಿಲ್ಲ. ಮತ್ತೆ ದಿಗಿಲಾಯಿತು. ಬಡಬಡನೆ ಇಳಿದು ಒಳಗೆ ಓಡಿದ.

ಕಿಟಕಿ ಪಕ್ಕದ ಒಲೆಯಲ್ಲಿ, ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ತಾಟು ಆಗಲೇ ಹಾಕಿತ್ತು.

ನೀಲವ್ವ ತಿರುಗಿಯೂ ನೋಡದೆ ಅಂದಳು... "ಕೈಕಾಲು ತೊಳ್ಕೊಂಡು ಬಾ. ನೀ ಬರೂದು ಕಿಡಕ್ಯಾಗ ಆಗಳೇ ಕಂಡೆ."

.
.

ಯಾವುದು ಒರಿಜಿನಲ್ ಅಂತ ಕಂಪನಿಯನ್ನು ಕೇಳುವ ಮೊದಲು, ಅದನ್ನೇ ನೋಡುತ್ತಾ ನಮಗಾಗಿ ಕಾದವರನ್ನು ಒಂದು ಮಾತು ಕೇಳೋಣ.

ನೀವು ಮನೆಯಿಂದ ಹೊರಗೆ ಕಾಲಿಟ್ಟಾಗ... ನಿಮ್ಮವರು ಏನನ್ನು ನೋಡಿ ಸಮಾಧಾನ ಪಡುತ್ತಾರೆ ಅಂತ ನಿಮಗೆ ಗೊತ್ತಾ?