ಭಾವನ ಎಲೆಗೆ ಕೈಮಾ ಉಂಡೆ

ಅಕ್ಕನ ಮದುವೆಯ ಪಂಕ್ತಿಯಲ್ಲಿ ಭಾವ ಎಲೆ ಬಿಟ್ಟೆದ್ದು, “ಇಂಥಾ ಅನ್ನ ನಮ್ಮನೆ ನಾಯೀನೂ ಮೂಸಾಕಿಲ್ಲ” ಎಂದು ಊರಿಗೇ ಕೇಳುವಂತೆ ಕೂಗಿದ್ದ. ಮರೀಗೌಡನ ಅಪ್ಪ ಎಲ್ಲರೆದುರು ಗಳಗಳ ಅತ್ತಿದ್ದ.

ಆ ಸೇಡಿಗೆಂದೇ ಮರೀಗೌಡ ಬೀಗರೂಟದ ದಿನ, ಮುನ್ನಾದಿನದಿಂದ ಸೆಕೆಯಲ್ಲಿ ಮುಚ್ಚಿಟ್ಟಿದ್ದ ಕೈಮಾ ಉಂಡೆಗಳನ್ನು ಬೇರೆ ಪಾತ್ರೆಯಲ್ಲಿ ಕೊತಕೊತ ಕುದಿಸುತ್ತಿದ್ದ.

“ಅಲ್ಲಾ ಕಣ್ಲಾ, ಹಿಂಗ್ ಕುದಿಸಿದ್ರೆ ರೋಗದ ಹುಳ ಎಲ್ಲಾ ಸತ್ತೋಯ್ತವೆ. ಇನ್ನೇನ್ಲಾ ಸೇಡು?” ಎಂದು ಚಿಕ್ಕವ್ವ ಕಿಸಕ್ಕೆಂದಳು.

“ಹುಳ ಸಾಯ್ತವೆ ಚಿಕ್ಕವ್ವ, ಅವು ಕಕ್ಕಿರೋ ವಿಷ ಸಾಯಾಕಿಲ್ಲ. ಡಾಕ್ಟ್ರೇ ಅಂದವ್ರೆ. ಇವತ್ತು ಆವಯ್ಯ ಚೊಂಬು ಹಿಡ್ಕಂಡು ಮೂರೂರು ಸುತ್ಬೇಕು, ನೋಡ್ತಿರು!”

ಭಾವನ ಎಲೆಗೆ ಉಂಡೆಗಳನ್ನು ಗುಡ್ಡೆ ಹಾಕಿ, “ನಾಚ್ಕೋಬ್ಯಾಡಿ ಭಾವ, ಹೊಡೀರಿ” ಎಂದು ಹಲ್ಲು ಕಿರಿದು, ಬೇರೆ ಸಾಲಿಗೆ ಅನ್ನ ಬಡಿಸಲು ಹೋದ. ತಿರುಗಿ ಬಂದಾಗ ಭಾವನ ಎಲೆಯಲ್ಲಿ ಒಂದು ಉಂಡೆಯೂ ಇರಲಿಲ್ಲ. ಮರೀಗೌಡನಿಗೆ ಕುಣಿಯುವಷ್ಟು ಖುಷಿಯಾಯಿತು.

“ಹೆಂಗಿತ್ತು ಭಾವ?”

“ನಾನೆಲ್ಲಿ ತಿಂದೆ ಭಾಮೈದ? ಅವತ್ತು ಮಾವನ್ನ ಅಳಿಸ್ಬಿಟ್ಟಿದ್ನಲ್ಲ, ತಪ್ಪಾಯ್ತು ಅಂತ ಅಷ್ಟೂನೂ ನನ್ನ ಕೈಯಾರೆ ಅವ್ರಿಗೇ ತಿನ್ನಿಸ್ದೆ.”